ಗಂಜಾಂ ಬಡಗಿಯ ಗಿಡ್ಡ ಬಾಗಿಲುಗಳು

ಗಂಜಾಂನಲ್ಲಿ ಇನ್ನೂ ನಸುಕು. ಕರೆಂಟು ನೆಟ್ಟಗೆ ಬರುವುದೇ ಈ ಹೊತ್ತಿಗೆ, ಹಾಗಾಗಿ ಬಡಗಿ ಶಹಾಬುದ್ದೀನ್ ನಮಾಜು ಮುಗಿಸಿ ನೇರ ಶೆಡ್ಡಿಗೆ ಬರುತ್ತಾರೆ. ಕಂಪ್ಯೂಟರಿಗೆ ಹೊದಿಸಿದ ಹಳೇ ಲುಂಗಿ ತೆಗೆದು, ಫ್ಲಾಪಿ ತುರುಕಿ, ಅಳತೆ ಒತ್ತಿ ಕೈಕಟ್ಟಿ ನಿಲ್ಲುತ್ತಾರೆ. ಮಂಚದಷ್ಟಗಲದ ಯಂತ್ರ ಗುಂಯ್ ಎಂದು ಹಲಗೆಯ ಮೇಲೆ ಓಡಾಡಿ ಅಡುಗೆಮನೆ ಕಪಾಟಿಗೊಂದು ಬಾಗಿಲು ಕೊರೆದುಕೊಡುತ್ತದೆ. ಅದನ್ನು ಅಳತೆಕೋಲಿಗೆ ಹಿಡಿದರೆ ಗಿಡ್ಡ.

“ನೋಡಿ ಸಾರ್, ಇವತ್ತೂ ಅಂಗೇ. ಕೈಯಾಗೆ ಮಾಡಿದ್ರೆ ನಂಗೆ ಒಂದು ಸೂತ ಆಚೀಚೆ ಆಗಕಿಲ್ಲ. ಇಷ್ಟು ದೊಡ್ಡ ಮಿಷಿನ್ನು, ಇದಕ್ಕೇನು ರೋಗ?”

ಸೂತ ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಅಪ್ಪನ ಕಾಲದಿಂದ ಇವರ ಮನೆಯಲ್ಲಿ ಅದೇ ಲೆಕ್ಕ. ಹೋದ ವರ್ಷ, ತೊಂಬತ್ತೇಳರಲ್ಲಿ, ಮೈಸೂರಿನ ಕಾರ್ಖಾನೆಯೊಂದು ಮುಚ್ಚಿದಾಗ ಕ್ಯಾತನಹಳ್ಳಿಯ ಕಬ್ಬಿನ ಬೆಳೆಗಾರ ಕೆಂಪಣ್ಣನ ಜೊತೆ ಪಾಲಿನಲ್ಲಿ ಈ ಯಂತ್ರ ತಂದರು. ಯಂತ್ರವೇನೋ ಬಂತು, ಅದನ್ನು ಓಡಿಸುವ ಸಾಫ್ಟ್‌ವೇರ್ ಬರಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ತಲೆಬಿಸಿ.

ಮೈಸೂರಿನ ಅಂಗಡಿಯವನೊಬ್ಬ ಅಗ್ಗದ್ದೊಂದನ್ನು ಫ್ಲಾಪಿಯಲ್ಲಿ ಹಾಕಿ ನೋಡಲು ಕೊಟ್ಟ. ಬಾಗಿಲು ಗಿಡ್ಡವಾಯಿತು. ಬೈದು ವಾಪಸು ಕೊಟ್ಟರು. ಇನ್ನೊಬ್ಬ ದುಬಾರಿಯದು ಕೊಟ್ಟ, ನವಿಲನ್ನೂ ಕೆತ್ತುತ್ತದಂತೆ. ನವಿಲು ಬಂತು, ಬಾಗಿಲು ಮಾತ್ರ ಗಿಡ್ಡವೇ. ಅದು ಪರದೆಯ ಮೇಲೆ ಕೇಳುವ ಪ್ರಶ್ನೆಗಳನ್ನು, ಪತ್ರಿಕೆಗೆ ಬರೆಯಲು ಬಂದ ನಾನೂ ಓದಿದೆ. ಸುಳ್ಳೇಕೆ, ತಲೆಬುಡ ತಿಳಿಯಲಿಲ್ಲ.

ಕೆಂಪಣ್ಣನಿಗೆ ಸಾಕಾಗಿದೆ. “ಲೇ ಸಾಬಿ, ದೇವಲಾಪುರದ ಯಶೋದಮ್ಮನ ಮನೆ ಕಪಾಟಿನ ಬಾಗ್ಲು ಕೂತ್ರೆ ಸರಿ. ಕೂರ್ಲಿಲ್ವಾ, ಮಿಷಿನ್ ಮಾರ್ಬುಡಾನ ಕಣ್ಲಾ,” ಎನ್ನುತ್ತಾನೆ. ಯಶೋದಮ್ಮನ ಗೃಹಪ್ರವೇಶ ಬರುವ ವಾರ. ಯಂತ್ರಕ್ಕೆ ಸಿಕ್ಕ ಮೊದಲ ಕೆಲಸವೇ ಅದು. ಹಲಗೆ ಹಿಡಿದೂ ಹಿಡಿದೂ ಶಹಾಬುದ್ದೀನರ ಬಲಭುಜ ಮೇಲೇಳುವುದಿಲ್ಲ. ಯಂತ್ರ ಹೋದರೆ ಕಸುಬೂ ಹೋದಂತೆ ಎಂಬ ದಿಗಿಲು ಅವರಿಗೆ.

ಹೆಂಡತಿ ಅಸ್ಗರಿ ಬೇಗಂ ಚಹಾ ತರುತ್ತಾರೆ. ಇವತ್ತಿನದು ಯಶೋದಮ್ಮನ ಕಪಾಟಿನ ಜೋಡಿ ಬಾಗಿಲು, ಒಂದೊಂದೂ ಒಂಬತ್ತು ಇಂಚು ನಾಲ್ಕು ಸೂತ ಅಗಲ. ಶಹಾಬುದ್ದೀನ್ ಎಂದಿನಂತೆ ಒಂಬತ್ತು ಪಾಯಿಂಟ್ ನಾಲ್ಕು ಎಂದು ಎರಡು ಸಲ ಒತ್ತುತ್ತಾರೆ. ಪರದೆ ಕೂಡಿಸಿ ತೋರಿಸುತ್ತದೆ: ಹದಿನೆಂಟು ಪಾಯಿಂಟ್ ಎಂಟು.

“ಎಂಟು ಸೂತ ಆದ್ರೆ ಒಂದಿಂಚಲ್ವಾ ಜೀ?” ಬ್ಲೌಸ್ ಹೊಲಿಯುವ ಅಸ್ಗರಿ ಕೇಳುತ್ತಾರೆ. “ಹತ್ತೊಂಬತ್ತು ಅನ್ಬೇಕು. ಇದ್ಯಾಕೆ ಎಂಟನ್ನ ಅಂಗೇ ಮಡೀಕಂಡದೆ?”

ಶಹಾಬುದ್ದೀನ್ ಲೋಟ ಕೆಳಗಿಡುತ್ತಾರೆ. ಪರದೆಯ ಎಂಟರ ಮೇಲೆ ಬೆರಳಿಡುತ್ತಾರೆ.

“ಯಾ ಅಲ್ಲಾ. ಇದು ಇಂಚನ್ನ ಹತ್ತು ಪಾಲು ಮಾಡ್ತದೆ. ನಾನು ಎಂಟು ಮಾಡ್ಕಂಡು ಕುಂತಿವ್ನಿ.”

ನಾಲ್ಕು ಸೂತವೆಂದರೆ ಅರ್ಧ ಇಂಚು. ಪಾಯಿಂಟ್ ಐದು ಒತ್ತಬೇಕಿತ್ತು. ಎತ್ತರದ ಲೆಕ್ಕದಲ್ಲೂ ಇದೇ ತಪ್ಪು. ಒತ್ತಿ ಕೊರೆದರೆ ಬಾಗಿಲು ಅಳತೆಕೋಲಿಗೆ ಕೂದಲೆಳೆಯೂ ಹೆಚ್ಚುಕಮ್ಮಿ ಇಲ್ಲ. ಅಂದೇ ಮೈಸೂರಿಗೆ ಹೋಗಿ ಅಗ್ಗದ್ದನ್ನೇ ಮತ್ತೆ ತರುತ್ತಾರೆ. ನವಿಲು ಯಾರಿಗೆ ಬೇಕು?

ದೇವಲಾಪುರದಲ್ಲಿ ಯಶೋದಮ್ಮ ಕಪಾಟಿನ ಬಾಗಿಲನ್ನು ಬೆರಳಲ್ಲಿ ತಳ್ಳಿ ನೋಡುತ್ತಾರೆ. ಅದು ಮೆತ್ತಗೆ ಹೋಗಿ ಕೂರುತ್ತದೆ. ಮಾರುವ ಮಾತನ್ನು ಕೆಂಪಣ್ಣ ಮತ್ತೆ ಎತ್ತುವುದಿಲ್ಲ.

ಈಗ ಎಲ್ಲ ಅರ್ಥವಾಯಿತೇ ಎಂದು ಕೇಳುತ್ತೇನೆ. “ಎಲ್ಲಿ ಸಾರ್. ಅದು ಇನ್ನೂ ಏನೇನೋ ಕೇಳ್ತದೆ, ನಾನು ಊಂ ಅಂತ ಒತ್ತುತೀನಿ.”

ಫೋಟೋ ತೆಗೆಯಲೇ ಎಂದರೆ ಬೇಡವೆನ್ನುತ್ತಾರೆ. ಆಮೇಲೆ ಹೊರಟ ನನ್ನನ್ನು ತಡೆದು ಹೇಳುತ್ತಾರೆ:

“ಆ ಮೊದಲ್ನೇ ಅಂಗಡಿಯವನಿಗೆ ನಾಲ್ಕು ಜನದ ಎದುರಿಗೆ ಕಳ್ಳ ಅಂದ್ಬುಟ್ಟಿದ್ದೆ. ಮೊನ್ನೆ ಒಬ್ಬನೇ ಇದ್ದಾಗ ಮಾಫಿ ಕೇಳ್ದೆ. ಅದು ಸಾಲಕಿಲ್ಲ. ಅವನ ಫ್ಲಾಪಿ ಸರಿಯಾಗೇ ಇತ್ತು ಅಂತ ನಿಮ್ಮ ಪೇಪರ್ನಾಗೆ ಬರೀರಿ.”