ಈರಪ್ಪನವರು ಪೊಲೀಸರನ್ನು ವಿಚಾರಿಸಿದ್ದು

ಈರಪ್ಪನವರು ನಕ್ಕರೆ ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಹೆಗಲು, ಕೊನೆಗೆ ಸದ್ದು ಹೊರಡುತ್ತಿತ್ತು. ಆ ಸದ್ದಿಗೆ ನಮ್ಮ ಶಾಲೆಯ ಹೆಂಚಿನ ಮೇಲಿದ್ದ ಕಾಗೆಗಳು ಹಾರಿಹೋದದ್ದನ್ನು ನಾನೇ ನೋಡಿದ್ದೇನೆ. ಪೊಲೀಸರ ಮೇಲಿನ ದೂರು ವಿಚಾರಿಸಲು ಬಂದ ಅಧಿಕಾರಿ ಹೀಗೂ ನಗಬಹುದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶನಿವಾರಸಂತೆ ಕಡೆಯವರಾದ ಈರಪ್ಪನವರು ನಮ್ಮ ತಾಲ್ಲೂಕಿಗೆ ತಹಶೀಲ್ದಾರರಾಗಿ ಬಂದಿದ್ದರು. ನಾನು ತಿತಿಮತಿ ಕಡೆಯ ಒಂದು ಶಾಲೆಯಲ್ಲಿ ಟೀಚರು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರಿಂದ ತಮಿಳು ಕೂಲಿಗಳ ಸಾಲುಮನೆಗಳಾದ ಲೈನಿನ ಮಕ್ಕಳ ಜೊತೆ ಆಡಿ ಬೆಳೆದ ನನಗೆ ತಮಿಳು ಸಲೀಸಾಗಿ ಬರುತ್ತಿತ್ತು. ಹಾಗಾಗಿ ಆ ವಿಚಾರಣೆಯಲ್ಲಿ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು.

ದೂರು ಕೊಟ್ಟವಳು ಎಸ್ಟೇಟಿನ ಕೂಲಿಯಾಳು ಪಾಪಾತಿ. ಒಣಗಲು ಹರವಿದ್ದ ಕರಿಮೆಣಸು ಕಳುವಾಯಿತೆಂದು ಪೊಲೀಸ್ ದಫೇದಾರ ಅವಳ ಗಂಡ ವೇಲುವನ್ನು ಠಾಣೆಗೆ ಎಳೆದುಕೊಂಡು ಹೋಗಿದ್ದ. ಮರುದಿನ ವೇಲು ವಾಪಸು ಬಂದಾಗ ಬಲಗೈ ಮುರಿದಿತ್ತು. ಓಡಿಹೋಗುವಾಗ ಹಳ್ಳಕ್ಕೆ ಬಿದ್ದನೆಂದು ಠಾಣೆಯವರ ಮಾತು. ಪಾಪಾತಿ ಬಸ್ಸು ಹತ್ತಿ ಹೋಗಿ ತಹಶೀಲ್ದಾರರ ಕಚೇರಿಯ ಬಾಗಿಲಲ್ಲೇ ಕೂತುಬಿಟ್ಟಳು. "ಪೊಲೀಸರ ತಪ್ಪನ್ನ ಪೊಲೀಸರೇ ವಿಚಾರಿಸೋದು ಅಂದ್ರೆ ಬೆಕ್ಕಿನ ಹತ್ರ ಹಾಲಿನ ಲೆಕ್ಕ ಕೇಳಿದ ಹಾಗೆ" ಎಂದ ಈರಪ್ಪನವರು, ಮೇಲಿನವರ ಅಪ್ಪಣೆ ತರಿಸಿಕೊಂಡು, ನಮ್ಮ ಶಾಲೆಯಲ್ಲಿ ವಿಚಾರಣೆ ಇಟ್ಟುಕೊಂಡು ತಾವೇ ಹೊರಟುಬಂದರು.

ಠಾಣೆಯ ಜೀಪು ಅವರಿಗಾಗಿ ಗೋಣಿಕೊಪ್ಪಲಿನಲ್ಲಿ ಕಾದಿತ್ತು. ಅದನ್ನು ಹತ್ತದೆ ಅವರು ಶಾಲೆಯವರೆಗೂ ಬಸ್ಸಿನಲ್ಲೇ ಬಂದಿಳಿದರು, ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ ಕಂಕುಳಲ್ಲಿತ್ತು. ದಫೇದಾರ ಫ್ಲಾಸ್ಕಿನಲ್ಲಿ ಕಾಫಿ ತಂದು ಮೇಜಿನ ಮೇಲಿಟ್ಟ. "ಘಮ ಚೆನ್ನಾಗಿದೆ ಕಣ್ರೀ. ಆದ್ರೆ ವಿಚಾರಣೆ ಮುಗಿಯೋವರೆಗೆ ನಿಮ್ಮ ಕಾಫಿನೂ ಬೇಡ, ಅವರ ಕಾಫಿನೂ ಬೇಡ" ಎಂದು ಶಾಲೆಯ ಮಡಕೆಯಿಂದ ನೀರು ತರಿಸಿಕೊಂಡು ಕುಡಿದರು.

ಅಂಗಳದ ತುಂಬ ಲೈನಿನ ಜನ. ಬೇಲಿಯ ಪಕ್ಕ ಪೊಲೀಸರು. ಒಬ್ಬರೂ ಬಾಯಿಬಿಡಲಿಲ್ಲ. ಈರಪ್ಪನವರಿಗೆ ಅರ್ಥವಾಯಿತು. "ದಫೇದಾರರೇ, ನೀವಿಲ್ಲಿ ಮೀಸೆ ತಿರುವ್ತಾ ನಿಂತ್ರೆ ಇವರ ಬಾಯಿಗೆ ಬೀಗ. ನಿಮ್ಮವರನ್ನೆಲ್ಲ ಕರ್ಕೊಂಡು ಬಸ್‌ಸ್ಟಾಪಿಗೆ ಹೋಗಿ ಕೂತಿರಿ. ನಿಮ್ಮ ಸರದಿ ಬಂದಾಗ ಕರೀತೀನಿ, ನಿಮ್ಮ ಮಾತನ್ನೂ ಪೂರ್ತಿ ಕೇಳ್ತೀನಿ."

ಪೊಲೀಸರು ಕಣ್ಮರೆಯಾದದ್ದೇ ತಡ, ಪಾಪಾತಿ ಎದ್ದು ನಿಂತು ಶುರುಮಾಡಿದಳು. ದಫೇದಾರನ ಅಜ್ಜ, ಮುತ್ತಜ್ಜ, ಅವನು ಸಾಕಿದ ನಾಯಿ, ಯಾರನ್ನೂ ಬಿಡಲಿಲ್ಲ. ನನ್ನ ಕಿವಿ ಬಿಸಿಯಾಯಿತು. "ದಫೇದಾರರು ಒಳ್ಳೆಯವರಲ್ಲ ಅಂತಿದ್ದಾಳೆ ಸಾರ್" ಎಂದೆ.

ಈರಪ್ಪನವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಷ್ಟುದ್ದ ಬೈದಿದ್ದು ಇಷ್ಟೇ ಆಯ್ತಾ ಟೀಚರಮ್ಮ? ಆಕೆ ಮಾತಿಗೆ ನೀವು ಸಕ್ಕರೆ ಹಾಕ್ಬೇಡಿ. ಹೇಳಿದ್ದನ್ನ ಹೇಳಿದ ಹಾಗೇ ಹೇಳಿ."

ಬೇರೆ ದಾರಿಯಿರಲಿಲ್ಲ. ಕಣ್ಣುಮುಚ್ಚಿ ಒಂದೊಂದೇ ಬೈಗುಳವನ್ನು ಕನ್ನಡಕ್ಕೆ ತಂದೆ. ನಾಯಿಯ ಹತ್ತಿರ ಬರುವಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ಕಾಗೆಗಳು ಹಾರಿದ್ದು ಆಗಲೇ. ಅಂಗಳವೆಲ್ಲ ನಕ್ಕಿತು. ವೇಲು ಕೂಡ ಕಟ್ಟು ಹಾಕಿದ ಕೈಯನ್ನು ಇನ್ನೊಂದು ಕೈಲಿ ಹಿಡಿದುಕೊಂಡು ನಕ್ಕ. ನಕ್ಕ ಮೇಲೆ ಹೆದರಿಕೆ ಎಲ್ಲಿ ಹೋಯಿತೋ, ಮೂಲೆಯಲ್ಲಿದ್ದವರೂ ಮುಂದೆ ಬಂದು ಕಂಡದ್ದನ್ನು ಕಂಡಂತೆ ಹೇಳಿದರು.

ಆಮೇಲೆ ಪೊಲೀಸರ ಸರದಿ. ವೇಲು ಬಿದ್ದ ಜಾಗ ತೋರಿಸಿ ಎಂದರು ಈರಪ್ಪನವರು. ದಫೇದಾರ ಅವರನ್ನು ಹಳ್ಳ ದಾಟುವ ಮರದ ಸಂಕದ ಕೆಳಗೆ ಕರೆದೊಯ್ದ. ಅವನನ್ನು ಶಾಲೆಗೆ ಕಳಿಸಿ, ವೇಲುವನ್ನು ಹಿಡಿದ ದಿನ ಅವನ ಜೊತೆಗಿದ್ದ ಕಾನ್‌ಸ್ಟೇಬಲ್‌ನನ್ನು ಬೇರೆಯಾಗಿ ಕರೆಸಿದರು. ಅವನು ಸಂಕ ದಾಟಿ, ತೋಟ ದಾಟಿ, ದೇವರಕಾಡಿನ ಅಂಚಿನ ಇನ್ನೊಂದು ಹಳ್ಳಕ್ಕೇ ಕರೆದುಕೊಂಡು ಹೋದ. ಈರಪ್ಪನವರು ಬೆವರೊರೆಸಿಕೊಂಡು ಬಂಡೆಯ ಮೇಲೆ ಕೂತರು. "ಪಾಪ, ಒಂದೇ ಸಲಕ್ಕೆ ಎರಡು ಹಳ್ಳಕ್ಕೆ ಬಿದ್ನಲ್ಲಪ್ಪಾ! ಈಗ ನಿಜ ಹೇಳು ಮಗಾ." ಕಾನ್‌ಸ್ಟೇಬಲ್ ಅಲ್ಲೇ ಅತ್ತು, ದಫೇದಾರ ಠಾಣೆಯಲ್ಲಿ ವೇಲುವಿಗೆ ಲಾಠಿಯಲ್ಲಿ ಹೊಡೆದದ್ದನ್ನು ಒಪ್ಪಿಕೊಂಡ.

ವೇಲುವಿನ ಮೇಲಿನ ಕಳ್ಳತನದ ಕೇಸು ಬಿದ್ದುಹೋಯಿತು. ದಫೇದಾರ ಸಸ್ಪೆಂಡಾದ. ಸಬ್ ಇನ್ಸ್‌ಪೆಕ್ಟರು, ಠಾಣೆಯ ಮುಖ್ಯಸ್ಥರು, ಮಾತ್ರ ತಾವು ಆ ದಿನ ಠಾಣೆಯಲ್ಲೇ ಇರಲಿಲ್ಲವೆಂದು ಹೇಳಿ ಬಚಾವಾದರು. ಕೈ ಕೂಡಿಕೊಂಡ ಮೇಲೆ ವೇಲು ಲೈನಿನಲ್ಲಿ ಊಟ ಹಾಕಿಸಿದ. ಈರಪ್ಪನವರು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಎರಡೆರಡು ಸಲ ಕೋಳಿಸಾರು ಹಾಕಿಸಿಕೊಂಡರು. ತಮಟೆ ಶುರುವಾದಾಗ ಪಂಚೆ ಎತ್ತಿಕಟ್ಟಿ ಕುಣಿದೂ ಬಿಟ್ಟರು. ಅವರ ಹೆಜ್ಜೆಗೂ ತಾಳಕ್ಕೂ ಸಂಬಂಧವೇ ಇರಲಿಲ್ಲ.

ಸ್ವಲ್ಪ ದಿನಕ್ಕೇ ಅವರಿಗೆ ವರ್ಗವಾಯಿತು. ಬೀಳ್ಕೊಡಲು ಪಾಪಾತಿ, ವೇಲು, ನಾನು ಗೋಣಿಕೊಪ್ಪಲಿಗೆ ಹೋದೆವು. ಟ್ರಂಕು ಬಸ್ಸಿನ ಮೇಲೇರಿತ್ತು. ಅಷ್ಟರಲ್ಲಿ ಮಾಸಿದ ಶರ್ಟಿನ ಒಬ್ಬ ಮನುಷ್ಯ ಕಿಟಕಿಯ ಹತ್ತಿರ ಬಂದು ಕೈಮುಗಿದ. ಯೂನಿಫಾರಂ ಇಲ್ಲದ ದಫೇದಾರನನ್ನು ಗುರುತಿಸಲು ನನಗೆ ಹೊತ್ತು ಹಿಡಿಯಿತು.

"ಹೊಡೆದವನು ನಾನೇ ಸ್ವಾಮಿ, ಇಲ್ಲ ಅನ್ನಲ್ಲ. ಆದ್ರೆ ಹೊಡಿ ಅಂತ ಎದುರಿಗೆ ನಿಂತು ಹೇಳಿದವರು ಸಬ್ ಇನ್ಸ್‌ಪೆಕ್ಟರು. ಆವತ್ತು ಹೆದರಿ ಹೇಳಲಿಲ್ಲ. ಈಗ ನನ್ನ ದೂರು ಯಾರು ಕೇಳ್ತಾರೆ?"

ಪಾಪಾತಿ ಮುಖ ತಿರುಗಿಸಿದಳು. ಕಂಡಕ್ಟರ್ ಸೀಟಿ ಊದಿದ. ಈರಪ್ಪನವರು ಎದ್ದು, "ತಡಿಯಪ್ಪಾ, ನನ್ನ ಟ್ರಂಕು ಇಳಿಸು" ಎಂದು ಕೆಳಗಿಳಿದರು. "ನಂಗೀಗ ಇಲ್ಲಿ ಅಧಿಕಾರ ಇಲ್ಲ ಕಣ್ರೀ. ಯಾರಿಗೆ ಹೇಳ್ಬೇಕು, ಹೇಗೆ ಹೇಳ್ಬೇಕು ಅನ್ನೋದನ್ನ ಹೇಳಿಕೊಡಬಲ್ಲೆ. ಬನ್ನಿ, ಮೊದಲಿಂದ ಹೇಳಿ."

ಅವರ ಬಸ್ಸು ಹೋಯಿತು. ನಮ್ಮ ಬಸ್ಸು ಬಂತು. ಕಿಟಕಿಯಿಂದ ನಾನು ಕೊನೆಯ ಸಲ ಅವರನ್ನು ನೋಡಿದಾಗ, ಈರಪ್ಪನವರು ಟ್ರಂಕಿನ ಅರ್ಧಭಾಗದಲ್ಲಿ ತಾವು ಕೂತು, ಇನ್ನರ್ಧದಲ್ಲಿ ದಫೇದಾರನನ್ನು ಕೂರಿಸಿಕೊಂಡು, ಅವನ ಮಾತಿಗೆ ಕಿವಿಕೊಟ್ಟಿದ್ದರು.