ನಾಲ್ಕು ಕಿಟಕಿಗೆ ಒಂದೇ ಹ್ಯಾಂಡಲ್

ಮಾನ್ವಿಯಲ್ಲಿ ನಾನು ಕೊಂಡ ಹಳೆಯ ಕಾರಿಗೆ ಕಿಟಕಿ ಗಾಜು ಇಳಿಸುವ ಹ್ಯಾಂಡಲ್ ಒಂದೇ ಉಳಿದಿತ್ತು. ಕಳಚಿ ಸಿಕ್ಕಿಸಿದರೆ ನಾಲ್ಕು ಬಾಗಿಲಿಗೂ ಅದೇ ಕೂಡುತ್ತಿತ್ತು. ಹೊಸ ಸೆಟ್ ಹಾಕಿಸಿರಿ ಎಂದು ರಾಯಚೂರಿನ ಮೆಕ್ಯಾನಿಕ್ ಹೇಳಿದಾಗ ನನಗೆ ಸಿಟ್ಟೇ ಬಂತು. ನಾಲ್ಕೂ ಗಾಜುಗಳನ್ನು ಒಮ್ಮೆಗೇ ಇಳಿಸುವವರು ಯಾರಿದ್ದಾರೆ? ಅಂದಿನಿಂದ ನಮ್ಮ ಕಾರಿನಲ್ಲಿ ಸೆಕೆಯಾದವರು ಹ್ಯಾಂಡಲ್ ಕೇಳಿ ಇಸಿದುಕೊಂಡು, ತಮ್ಮ ಗಾಜು ಇಳಿಸಿ, ಪಕ್ಕದವರಿಗೆ ದಾಟಿಸತೊಡಗಿದರು. ಎ.ಸಿ. ರಿಪೇರಿಯ ಖರ್ಚನ್ನಂತೂ ನಾನು ಮೊದಲೇ ಉಳಿಸಿದ್ದೆ.

ಕಳೆದ ಬೇಸಿಗೆಯಲ್ಲಿ ಅಕ್ಕನನ್ನು ಮಸರಕಲ್ಲಿನ ಅವಳ ಮನೆಗೆ ಬಿಟ್ಟು, ಹೆಂಡತಿಯೊಡನೆ ದೇವದುರ್ಗದ ಕಡೆ ಹೊರಟೆ. ಅಕ್ಕನ ಊರು ಹತ್ತಿರವಾದಾಗಲೇ ಧೂಳಿಗೆಂದು ಗಾಜುಗಳನ್ನೆಲ್ಲ ಏರಿಸಿದ್ದೆವು. ಕೊನೆಯದನ್ನು ಏರಿಸಿದವಳು ಅಕ್ಕ. ಸ್ವಲ್ಪ ದೂರ ಹೋಗುವಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿತು. ಹುಡುಕಿದರೆ ಹ್ಯಾಂಡಲ್ ಎಲ್ಲೂ ಇಲ್ಲ. ಕಾರು ನಿಲ್ಲಿಸಿದೆ. ಹೆಂಡತಿ ನನ್ನ ಕಡೆ ಒಮ್ಮೆ ನೋಡಿ, ಬಾಗಿಲನ್ನೇ ಪೂರ್ತಿ ತೆಗೆದು ಕೂತಳು. ನಾನು ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಹ್ಯಾಂಡಲ್ ನಿನ್ನ ಚೀಲದಾಗ ಬಂತೇನು?"

"ಹ್ಞೂಂ, ಅದ. ಬೇಕಂತನ ಇಟ್ಕೊಂಡೀನಿ," ಎಂದಳು. "ಪ್ರತಿ ಸಲ ಬಾಗಿಲಿಗಿ ಬಿಟ್ಟು ಹಂಗ ಓಡಿ ಹೋಗ್ತಿ. ರೊಟ್ಟಿಗಿ ಹಿಟ್ಟು ನಾದಾಕತ್ತೀನಿ, ಇಬ್ಬರೂ ಹೊಳ್ಳಿ ಬರ್ರಿ."

ಹೊಸ ಸೆಟ್ ನಾನು ಇನ್ನೂ ಹಾಕಿಸಿಲ್ಲ. ಮೆಕ್ಯಾನಿಕ್ ಕೇಳಿದಾಗಲೆಲ್ಲ ದುಡ್ಡಿನ ನೆಪವನ್ನೇ ಹೇಳುತ್ತೇನೆ.