ದಿಬ್ಬದ ಮರಳಿನಲ್ಲಿ ಎರಡನೇ ಕೊರೆತ

೨೦೦೨ರ ಫೆಬ್ರವರಿ, ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಮಂಗಳೂರಿನ ಉತ್ತರಕ್ಕೆ, ಕಡಲಿನಿಂದ ನಾನೂರು ಹೆಜ್ಜೆ ಒಳಗೆ, ಹಳೆಯ ಮರಳುದಿಬ್ಬದ ಮೇಲೆ ಕೊರೆದ ಕುಳಿಯ ಎಡಗಡೆ ನಾನು ನಿಂತಿದ್ದೆ.

ಹಿಂದಿನ ದಿನ ಹುಣಸೂರಿನಲ್ಲಿ ಆರೂಕಾಲರ ಬಸ್ಸು ಹತ್ತಿದ್ದೆವು. ಜೊತೆಗೆ ಹುಣಸೂರು ಬಳಿಯ ಗುರುಪುರದ ಸಿದ್ದಪ್ಪನವರು, ಅವರ ಭಾವಮೈದ ಮಾದೇವ. ಇಬ್ಬರೂ ಬೋರ್‌ವೆಲ್ ಕೊರೆಯುವವರು. ಪಿರಿಯಾಪಟ್ಟಣದಲ್ಲಿ ಇಡ್ಲಿ ತಿಂದೆವು. ಮಡಿಕೇರಿಯಲ್ಲಿ ಚಳಿ, ಪುತ್ತೂರು ದಾಟಿದ ಮೇಲೆ ಬೆವರು.

ಭೂಮಿ ನಡುಗಿದಾಗ ನೀರು ತುಂಬಿದ ಸಡಿಲ ಮರಳು ಕೆಸರಿನಂತಾಗಿ ಮೇಲಿನ ಕಟ್ಟಡ ಕುಸಿಯಬಹುದು. ಈ ದಿಬ್ಬದಲ್ಲಿ ಆ ಅಪಾಯವಿದೆಯೇ, ಶಾಲೆ ಕಟ್ಟಬಹುದೇ ಎಂದು ಹೇಳುವುದು ನನ್ನ ಕೆಲಸ.

ಜಾಗ ಕೊಟ್ಟ ಕಮಲಕ್ಕ ಮೀನು ಮಾರುವವರು. “ಇಲ್ಲಿ ಆಗದಿದ್ರೆ ಮಕ್ಕಳು ದೋಣಿಯಲ್ಲೇ ಹೊಳೆ ದಾಟ್ಬೇಕು ಮಾರಾಯ್ರೆ. ಹೋದ ಮಳೆಗಾಲ ದೋಣಿ ಮಗುಚಿ ಮಕ್ಕಳು ಉಳಿದದ್ದೇ ದೊಡ್ಡದು” ಎಂದಿದ್ದರು.

ಭಾರದ ಗುಂಡನ್ನು ಎತ್ತಿ ಬಿಡುವುದು, ಕೊಳವೆ ಒಂದಡಿ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುವುದು, ಇಷ್ಟೇ ಪರೀಕ್ಷೆ. ಪೆಟ್ಟು ಕಡಿಮೆಯಾದಷ್ಟೂ ಮರಳು ಸಡಿಲ. ಮೂರು ಮೀಟರ್ ಆಳದಲ್ಲಿ ಕೊಳವೆ ನಾಲ್ಕೇ ಪೆಟ್ಟಿಗೆ ಇಳಿಯಿತು. ‘ಶಾಲೆಗೆ ತಕ್ಕ ನೆಲವಲ್ಲ’ ಎಂದು ಬರೆದೆ. ಕಮಲಕ್ಕ ಬಗ್ಗಿ ಆ ಸಾಲನ್ನು ಗಟ್ಟಿಯಾಗಿ ಓದಿದರು.

ಸಿದ್ದಪ್ಪನವರು ಕತ್ತು ಕೆರೆದುಕೊಂಡರು. “ಸಾ, ಗುಂಡು ಬುಡೋಕ್ ಮುಂಚೆ, ನೀರು ಎಷ್ಟು ಬರ್ತದೆ ನೋಡಾನ ಅಂತ ಕುಳಿ ನೀರೆಲ್ಲ ಎತ್ತಾಕ್ಬುಟ್ಟೆ ಕಣ್ರೀ. ನಮ್ ಕಡೆ ಅಭ್ಯಾಸ.”

“ಅಯ್ಯೋ ಭಾವ, ಇಲ್ಲೂ ಮೋಟ್ರು ಇಳಿಸಿ ಕಬ್ಬಿಗೆ ನೀರು ಬುಡ್ತಿದ್ದಾ?” ಎಂದ ಮಾದೇವ.

ನನಗೆ ನಗು ಬರಲಿಲ್ಲ. ಕುಳಿ ಬರಿದಾದರೆ ಸುತ್ತಲಿನ ನೀರು ತಳದ ಮರಳನ್ನು ಮೇಲಕ್ಕೊತ್ತಿ ಸಡಿಲಿಸುತ್ತದೆ. ನಾನು ಎಣಿಸಿದ್ದು ನಾವೇ ಕೆಡಿಸಿದ ಮರಳನ್ನು. ನೀರೆತ್ತುವಾಗ ನಾನು ನೆರಳಿನಲ್ಲಿ ನಕ್ಷೆ ನೋಡುತ್ತಿದ್ದೆ. ತಪ್ಪು ನನ್ನದು.

ಎರಡು ಮೀಟರ್ ಆಚೆ ಮತ್ತೆ ಕೊರೆದೆವು. ಕುಳಿ ಬಾಯಿಮಟ್ಟ ತುಂಬಿರಲೆಂದು ಕಮಲಕ್ಕ ಕೊಡಪಾನದಲ್ಲಿ ನೀರು ಹೊತ್ತು ತಂದರು. ಅದೇ ಆಳಕ್ಕೆ ಹತ್ತೊಂಬತ್ತು ಪೆಟ್ಟು! ಕೆಳಗೆ ಇನ್ನೂ ಹೆಚ್ಚು. “ಗಟ್ಟಿಯಾಗಿ ಕೂತದೆ ಸಾ” ಎಂದರು ಸಿದ್ದಪ್ಪ. ಎರಡು ದಿನ ನಾಲ್ಕು ಮೂಲೆಯಲ್ಲೂ ಹಾಗೇ ನೋಡಿ, ಕಮಲಕ್ಕನ ಎದುರಿಗೆ ‘ತಕ್ಕ ನೆಲವಲ್ಲ’ ಎಂಬ ಸಾಲನ್ನು ಹೊಡೆದುಹಾಕಿದೆ.

ಸಿದ್ದಪ್ಪನವರು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟೆ. ಅವರು ಈಗಿಲ್ಲ. ಮಾದೇವ ಗುರುಪುರದಲ್ಲಿದ್ದಾನೆ. ಕಮಲಕ್ಕ ಶಾಲೆಯ ಪಕ್ಕದಲ್ಲೇ ಇದ್ದಾರೆ. ನಾನು ಮೊದಲು ಏನು ಬರೆದಿದ್ದೆನೆಂದು ಕಂಡವರಲ್ಲಿ ಉಳಿದಿರುವುದು ಅವರಿಬ್ಬರೇ.